ಅಪ್ಪಾಸಾಹೇಬರ ಹವಾಮಾನ

ಪಕ್ಕದ ಮನೆಯ ಅಪ್ಪಾಸಾಹೇಬರಿಗೆ ಚೀನೀ ವೈದ್ಯದ ಹುಚ್ಚು ಹಿಡಿದ ಮೇಲೆ ಆಸ್ಟಿನ್ ಹೊರವಲಯದ ನಮ್ಮ ಫ್ಲೂಗರ್‌ವಿಲ್‌ನಲ್ಲಿ ಯಾರೂ ನಿಶ್ಚಿಂತೆಯಿಂದ ಕಾರು ಹತ್ತಿಲ್ಲ. ಒಂದೊಂದು ಹವೆಯೂ ಒಂದೊಂದು ಅಂಗವನ್ನು ಹಿಡಿಯುತ್ತದೆ ಎನ್ನುವುದು ಆ ಶಾಸ್ತ್ರ. ಡಲ್ಲಾಸ್ ಕಡೆಯ ಲಾಸ್ ಕೊಲಿನಾಸ್‌ಗೆ ಹೊರಟವರನ್ನು ತಡೆದು, "ಡಲ್ಲಾಸಿನ ಗಾಳಿ ಸೀದಾ ಲಿವರ್‌ಗೆ ಬಡೀತದರಿ, ಜ್ವಾಕಿ" ಎನ್ನುತ್ತಾರೆ. ಹ್ಯೂಸ್ಟನ್ನಿನ ತೇವ ಗುಲ್ಮಕ್ಕೆ ಆಗದಂತೆ. ಗುಲ್ಮ ಎಲ್ಲಿದೆಯೆಂದು ನನಗೆ ಗೊತ್ತಿಲ್ಲ. ಆದರೂ ಹ್ಯೂಸ್ಟನ್ ಪಕ್ಕದ ಸ್ಟಾಫರ್ಡ್‌ಗೆ ಬೇಳೆ ತರಲು ಹೋದಾಗಲೆಲ್ಲ ಎಲ್ಲೋ ಒಂದು ಕಡೆ ನೋಯುತ್ತದೆ. ನಮ್ಮ ಆಸ್ಟಿನ್ನಿನ ಬಿಸಿಲು ಹೃದಯಕ್ಕೆ ಕೆಟ್ಟದ್ದು. "ಹಾಗಾದರೆ ಎಲ್ಲಿರೋಣ ಸಾಹೇಬ್ರೇ?" ಎಂದರೆ, "ಮನ್ಯಾಗ ಇರ್ರಿ. ಆದ್ರ ಎ.ಸಿ.ಯ ಒಣಗಾಳಿ ಶ್ವಾಸಕೋಶಕ್ಕ ಛಲೋ ಅಲ್ಲ." ಚಳಿ ಬಂದಾಗ ಮಾತ್ರ ನಮ್ಮನ್ನೆಲ್ಲ ಮರೆತುಬಿಡುತ್ತಾರೆ. ಚಳಿ ಹಿಡಿಯುವುದು ಮೂತ್ರಪಿಂಡವನ್ನು. ಹೋದ ವರ್ಷ ಅವರದೊಂದನ್ನು ತೆಗೆದು ಹೆಂಡತಿ ಶಾಂತವ್ವನಿಗೆ ಕಸಿ ಮಾಡಿದ್ದಾರೆ; ಮೊನ್ನೆಯ ರಕ್ತಪರೀಕ್ಷೆಯಲ್ಲಿ ಅದು ಯಾಕೋ ಮಂಕಾಗಿದೆ. ಉತ್ತರದ ಗಾಳಿ ಬೀಸಿದೊಡನೆ ಅಪ್ಪಾಸಾಹೇಬರು ತಾವು ಹೊದ್ದ ಶಾಲು ತೆಗೆದು ಆಕೆಯ ಹೊಟ್ಟೆಗೆ ಸುತ್ತುತ್ತಾರೆ, ಗಂಟನ್ನು ಮತ್ತೆ ಮತ್ತೆ ಮುಟ್ಟಿ ನೋಡುತ್ತಾರೆ. "ಬಿಡ್ರಿ, ನನಗೇನ ಥಂಡಿ ಇಲ್ಲ" ಎಂದು ಶಾಂತವ್ವ ಗದರಿದರೆ, "ನಿನಗಲ್ಲ, ಅದಕ್ಕ. ಅದು ನಂದು, ನನಗ ಗೊತ್ತದ; ಮೊದಲಿಂದನೂ ಅಂಜುಬುರುಕ" ಎನ್ನುತ್ತಾರೆ.