ಉಪಗ್ರಹ ಹೇಳಿದ ಸಮಯ

ಹಾಸನದ ನಮ್ಮ ಪತ್ರಿಕಾ ಕಚೇರಿಯಲ್ಲಿ ಸಂಜೆ ಏಳರ ನಂತರ ಬಂದ ಸುದ್ದಿಯನ್ನು ಕಂಪ್ಯೂಟರ್ ತಡವೆಂದು ತಳ್ಳಿಬಿಡುತ್ತಿತ್ತು. ಅದಕ್ಕೆ ಸಮಯ ಹೇಳುತ್ತಿದ್ದುದು ರೂಟರ್. ಚನ್ನರಾಯಪಟ್ಟಣದ ವರದಿಗಾರ ಕೊಬ್ಬರಿ ಧಾರಣೆ ತಿಳಿದ ಮೇಲೆ, ಏಳಕ್ಕೆ ಸ್ವಲ್ಪ ಮುಂಚೆ ಕಳಿಸುತ್ತಿದ್ದ. ಆದರೂ ಅವನ ಸುದ್ದಿ ಪದೇ ಪದೇ ತಡವಾಗುತ್ತಿತ್ತು. ಇನ್ನೊಮ್ಮೆ ಹೀಗಾದರೆ ಕೆಲಸ ಬಿಡಬೇಕೆಂದು ಸಂಪಾದಕರು ಹೇಳಿದ್ದರು.

ರೂಟರಿಗೆ ಉಪಗ್ರಹದಿಂದ ಸಮಯ ಕೊಡಲು ಎಂಜಿನಿಯರ್ ಬಂದ ದಿನ ವರದಿಗಾರನೂ ಬಸ್ಸು ಹತ್ತಿ ಬಂದ. ತಾರಸಿಯ ಆಂಟೆನಾಕ್ಕೆ ಉಪಗ್ರಹಗಳು ಒಂದೊಂದಾಗಿ ಸಿಗುವುದನ್ನು ಎಲ್ಲರೂ ಪರದೆಯ ಮೇಲೆ ನೋಡುತ್ತಿದ್ದೆವು.

"ಸಿಕ್ತು," ಎಂದ ಎಂಜಿನಿಯರ್. ಪರದೆಯ ಮೇಲಿನ ಸಮಯ ಹತ್ತು ನಿಮಿಷ ಹಿಂದಕ್ಕೆ ಹೋಯಿತು. "ಇದಕ್ಕೆ ಮೊದ್ಲು ಟೈಮ್ ಇಟ್ಟೋರ್ಯಾರು?"

"ನಾನೇ ಕಣ್ರೀ, ಗೋಡೆ ಗಡಿಯಾರ ನೋಡ್ಕಂಡು ಇಟ್ಟೆ," ಎಂದರು ಮ್ಯಾನೇಜರ್.

ಮನೆಗೆ ಹೋಗುವ ಹೊಳೆನರಸೀಪುರದ ಬಸ್ಸು ತಪ್ಪದಿರಲೆಂದು ಆ ಗಡಿಯಾರವನ್ನು ನಾವು ವರ್ಷಗಳಿಂದ ಹತ್ತು ನಿಮಿಷ ಮುಂದಿಟ್ಟುಕೊಂಡಿದ್ದೆವು.

"ನಿಮ್ ಬಸ್ಸು ಸಿಗ್ಲಿ ಅಂತ ನನ್ ಕೆಲ್ಸ ಕಳೀತಿದ್ರಲ್ಲ ಸಾ!" ಎಂದ ವರದಿಗಾರ.

ಸಂಪಾದಕರು ಗೋಡೆಯತ್ತ ನೋಡಿದರು. ಅಲ್ಲಿ ಏಳು ದಾಟಿತ್ತು. "ಇವತ್ತಿನ ಸುದ್ದಿ ಎಲ್ಲಯ್ಯ?" ಎಂದರು.

"ಏಳಕ್ಕಿನ್ನೂ ಐದ್ ನಿಮಿಷ ಐತೆ ಸಾ," ಎಂದವನೇ ಕುಳಿತು ಟೈಪ್ ಮಾಡತೊಡಗಿದ. ಕೆಲಸ ಬಿಡುವ ಮಾತು ಮತ್ತೆ ಬರಲಿಲ್ಲ.