ನಡಿಗೆಯ ನಿಯಮ ತಿದ್ದಿದ ಡಾಕ್ಟರ್ ಹೇಮ

ನಾಗಮಂಗಲ, ಕೆ.ಆರ್. ಪೇಟೆ, ಪಾಂಡವಪುರ ತಾಲ್ಲೂಕುಗಳಲ್ಲಿ ಸೇವೆ ಸಲ್ಲಿಸಿ ಈಗ ನಿವೃತ್ತರಾಗುತ್ತಿರುವ ಡಾಕ್ಟರ್ ಹೇಮ ಅವರು, ಹೃದ್ರೋಗಕ್ಕೆ ಮಾತ್ರೆ ಬರೆಯುವ ಮೊದಲು ರೋಗಿಯ ತಟ್ಟೆಯಲ್ಲಿ ಏನಿದೆ ಎಂದು ಕೇಳಿದ ವೈದ್ಯರು. ಹೊಗಳಿಕೆ ಅವರಿಗೆ ಹಿಡಿಸದು, ನನಗೆ ಬರದು. ಅವರೊಡನೆ ಇಸಿಜಿ ತೆಗೆಯುವ ಕೆಲಸ ಮಾಡಿದವನಾಗಿ ಒಂದು ಬೆಳಗನ್ನು ಬರೆಯುತ್ತೇನೆ.

ಕರಿದ ತಿಂಡಿ, ಬೀಡಿ, ದಿನವಿಡೀ ಕೂತ ಮೈ ರಕ್ತನಾಳದ ಒಳಗೋಡೆಯಲ್ಲಿ ಸದ್ದಿಲ್ಲದ ಉರಿಯೂತ ಎಬ್ಬಿಸುತ್ತವೆ, ಅಲ್ಲೇ ಕೊಬ್ಬು ಕಟ್ಟುತ್ತದೆ. ಸೊಪ್ಪು, ಕಾಳು, ನಡಿಗೆ ಅದನ್ನು ತಗ್ಗಿಸುತ್ತವೆ ಎಂದು ಮೇಡಂ ನಾಗಮಂಗಲದಲ್ಲಿದ್ದಾಗಿನಿಂದಲೂ ಹೇಳುತ್ತಿದ್ದರು. ಕೆ.ಆರ್. ಪೇಟೆಗೆ ಬಂದಾಗ ಅಕ್ಕಿಹೆಬ್ಬಾಳಿನಲ್ಲಿ ನಡಿಗೆಯ ಗುಂಪು ಕಟ್ಟಿದರು. ನಡೆಯುವಾಗ ನಡುವೆ ನಿಂತುಬಿಟ್ಟವರು ಎಲ್ಲರಿಗೂ ಟೀ ಕೊಡಿಸಬೇಕೆಂದು ಗುಂಪಿನವರು ನಿಯಮ ಮಾಡಿಕೊಂಡರು. ಮೇಡಂ ನಕ್ಕು ಒಪ್ಪಿದರು.

ಆ ಬೆಳಿಗ್ಗೆ ಹೇಮಾವತಿ ನದಿಯ ದಡದಲ್ಲಿ ನಡೆಯುವಾಗ ಚಿನ್ನದ ಕೆಲಸದ ಚಂದ್ರಶೇಖರಾಚಾರ್ರು ಹಿಂದೆ ಬಿದ್ದರು.

“ಏನ್ ಆಚಾರ್ರೇ, ಟೀ ಕೊಡುಸ್ತೀರಾ?” ರೈತ ನಿಂಗಯ್ಯ ಕೆಣಕಿದ.

ಆಚಾರ್ರು ಹೆಜ್ಜೆ ಬಿರುಸು ಮಾಡಿದರು. ತಣ್ಣನೆಯ ಗಾಳಿಯಲ್ಲೂ ಅವರ ಅಂಗಿ ಬೆವರಿನಿಂದ ತೊಯ್ದದ್ದು ಮೇಡಂ ಕಣ್ಣಿಗೆ ಬಿತ್ತು.

“ನಿಲ್ಲಿ ಆಚಾರ್ರೇ.”

“ಎದೆ ಒಸಿ ಇಡ್ಕಂಡದೆ, ಅಷ್ಟೇ. ನಡುದ್ರೆ ಎದೆಗೆ ಒಳ್ಳೇದು ಅಂದೋರು ನೀವೇ ಅಲ್ವಾ ಡಾಕ್ಟ್ರಮ್ಮ?”

ಮೇಡಂ ಭುಜ ಹಿಡಿದು ನೆಲಕ್ಕೆ ಕೂರಿಸಿದರು. ಅಂದಿನ ತಪಾಸಣಾ ಶಿಬಿರಕ್ಕೆಂದು ತಂದಿದ್ದ ಇಸಿಜಿ ಯಂತ್ರದ ತಂತಿಗಳನ್ನು ನಾನು ಅವರ ಎದೆಗೆ ಹಚ್ಚಿದೆ. ಹೃದಯಾಘಾತ. ಮೇಡಂ ಆಸ್ಪಿರಿನ್ ಮಾತ್ರೆ ಅಗಿಯಲು ಕೊಟ್ಟು, ನಮ್ಮಿಬ್ಬರನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು, ತಮ್ಮದೇ ಕಾರು ಓಡಿಸುತ್ತ ಮೈಸೂರಿಗೆ ಹೊರಟರು. ರೈಲ್ವೆ ಗೇಟು ಹಾಕಿತ್ತು.

“ನಾಡಿ?”

“ಇದೆ ಮೇಡಂ.”

ರೈಲು ಬರಲಿಲ್ಲ.

“ನಾಡಿ?”

“ಸಣ್ಣಗಿದೆ.”

ಗೇಟು ಎದ್ದಾಗ ಆಚಾರ್ರ ತಲೆ ನನ್ನ ಭುಜಕ್ಕೆ ವಾಲಿತ್ತು.

ಮೈಸೂರಿನ ವೈದ್ಯರು ಕಟ್ಟಿಕೊಂಡಿದ್ದ ರಕ್ತನಾಳ ತೆರೆದರು, ಆಚಾರ್ರು ಬದುಕಿದರು. ಮುಂದಿನ ವಾರ ಗುಂಪಿನ ಎದುರು ಮೇಡಂ ಹೇಳಿದರು: “ನಡೀರಿ ಅಂದೆ. ಎದೆ ಹಿಡಿದರೆ ನಿಲ್ಲಿ ಅನ್ನಲಿಲ್ಲ. ತಪ್ಪು ನನ್ನದು. ಇನ್ನು ಮೇಲೆ ನಿಂತವರಿಗೇ ಉಳಿದವರು ಟೀ ಕೊಡಿಸಬೇಕು.”

“ಅಂಗಾರೆ ನಾನು ಮನೆ ಬಾಗ್ಲಲ್ಲೇ ನಿಂತ್ಕತೀನಿ ಬುಡಿ!” ಎಂದ ನಿಂಗಯ್ಯ. ಅವನ ಕಣ್ಣು ಮಾತ್ರ ಒದ್ದೆಯಾಗಿತ್ತು.

ಆಮೇಲೆ ಪಾಂಡವಪುರದಲ್ಲೂ ಇದೇ ನಿಯಮ. ಕಳೆದ ತಿಂಗಳು, ಬೀಳ್ಕೊಡುಗೆಯ ನಡಿಗೆಗೆಂದು ಹಳೆಯ ಗುಂಪು ತೊಣ್ಣೂರು ಕೆರೆಗೆ ಬಂದಿತ್ತು. ಏರಿಯ ಮೇಲೆ ಮೇಡಂಗೆ ಉಸಿರು ಕಟ್ಟಿತು. ಹೇಳದೆ ನಡೆಯುತ್ತಲೇ ಇದ್ದರು. ಕಂಡವರು ಆಚಾರ್ರು.

“ನಿಲ್ಲಿ ತಾಯಿ. ಟೀ ನಂದು.”

ಮೇಡಂ ನಿಂತರು. ಮರುದಿನ ಅವರ ಇಸಿಜಿ ನಾನೇ ತೆಗೆದೆ, ಸರಿಯಾಗಿತ್ತು. ಬಹುಕಾಲ ಹಾಗೆಯೇ ಇರಲಿ. ಅವರು ಇನ್ನೂ ಊರೂರು ನಡೆಯಲಿ, ನಿಲ್ಲಬೇಕಾದಲ್ಲಿ ನಿಲ್ಲಲಿ.