ಸುಕನ್ಯ ಮೇಡಂ ಅವರ ನೇರಳೆ ಫ್ಲಾಸ್ಕು

ಅಂದು ಕೆಮಿಸ್ಟ್ರಿ ಲೆಕ್ಚರರ್ ಸುಕನ್ಯರ ಪಿಎಚ್.ಡಿ. ಮೌಖಿಕ ಪರೀಕ್ಷೆ. ಗುಲ್ಬರ್ಗದಿಂದ ಬಂದಿದ್ದ ಪರೀಕ್ಷಕ ಭೀಮಾಶಂಕರರಿಗೆ ವಿಭಾಗದ ಮುಖ್ಯಸ್ಥೆ ಹಮೀದಾ ಮೇಡಂ ತಾವೇ ಫ್ಲಾಸ್ಕು ಬಗ್ಗಿಸಿ ಉಪಚಾರಕ್ಕಿಳಿದರು. ಕಪ್ಪಿಗೆ ಬಿದ್ದದ್ದು ನೇರಳೆ ದ್ರವ.

"ಯಾ ಅಲ್ಲಾ! ಚಾಯ್‌ಗೆ ಏನಾಯ್ತು?"

"ಮೇಡಂ, ಅದು ಕುಡಿಯೋದಲ್ಲ! ನನ್ನ ಕ್ರೋಮಿಯಂ!" ಸುಕನ್ಯ ಕಪ್ಪು ಕಿತ್ತುಕೊಂಡರು. ಪರೀಕ್ಷಕರಿಗೆ ಚಹಾ ಬರಲಿಲ್ಲ, ಚಹರೆ ಕೆಂಪಾಯಿತು.

ತೊಂಬತ್ತರ ದಶಕದಲ್ಲಿ ಶಿವಾಜಿನಗರದ ಆ ಕಾಲೇಜಿನಲ್ಲಿ ಸ್ಟಾಫ್‌ರೂಮಿನ ಚಹಾಕ್ಕೂ ಸುಕನ್ಯರ ಸಂಶೋಧನೆಗೂ ಒಂದೇ ಅಂಗಡಿಯ ಕೆಂಪು ಫ್ಲಾಸ್ಕುಗಳು. ಕ್ರೋಮಿಯಂ ಅಯಾನಿನ ಸುತ್ತ ನೀರಿನ ಅಣುಗಳು, ಬಸ್ಸಿನಲ್ಲಿ ಕಿಟಕಿ ಸೀಟು ಹಿಡಿದವರಂತೆ, ಜಪ್ಪಯ್ಯ ಅಂದರೂ ಏಳುವುದಿಲ್ಲ. ಅವನ್ನು ಎಬ್ಬಿಸಿ ಬೇರೊಂದು ಅಣು ಬಂದು ಕೂರಲು ಎಷ್ಟು ಹೊತ್ತು ಬೇಕು ಎಂಬುದೇ ಅವರ ವಿಷಯ. ಸೀಟು ಬದಲಾದಂತೆಲ್ಲ ನೇರಳೆ ಗಾಢವಾಗುತ್ತದೆ. ಆದರೆ ಅಷ್ಟೂ ಹೊತ್ತು ಬಿಸಿ ಏರಬಾರದು, ಇಳಿಯಬಾರದು. ಅದಕ್ಕೊಂದು ಯಂತ್ರವೇನೋ ಇತ್ತು. ಕರೆಂಟು ಹೋದರೆ ಅದಕ್ಕೂ ರಜೆ. ಹಲಸೂರಿನ ಮನೆಯಲ್ಲಿ ಅಜ್ಜಿ ದೊಡ್ಡಮುನಿಯಮ್ಮ ಚಳಿಗಾಲದಲ್ಲಿ ಮೊಸರಿನ ಪಾತ್ರೆಯನ್ನು ಭತ್ತದ ಹೊಟ್ಟಿನಲ್ಲಿ ಹೂತಿಡುತ್ತಿದ್ದರು. ಮೊಮ್ಮಗಳು ಕಾಲೇಜಿನಲ್ಲಿ ಹೊಟ್ಟು ತುಂಬಿದ ಡಬ್ಬದಲ್ಲಿ ಫ್ಲಾಸ್ಕುಗಳನ್ನು ಹೂತರು. ಪಾಠ, ಮನೆ, ಉತ್ತರಪತ್ರಿಕೆಗಳ ನಡುವೆಯೇ ವರ್ಷಗಟ್ಟಲೆ ಅಳೆದರು. ಕೆಟ್ಟದ್ದನ್ನು ಚೆಲ್ಲಿ, ಗೊಣಗದೆ ಮತ್ತೆ ಶುರುಮಾಡಿದರು. ಪರೀಕ್ಷಕರಿಗೆ ತೋರಿಸಲೆಂದು ಅವತ್ತು ಒಂದನ್ನು ಮೇಜಿನ ಮೇಲಿಟ್ಟದ್ದೇ ಎಡವಟ್ಟಾಯಿತು.

ಭೀಮಾಶಂಕರರು ಪ್ರಬಂಧ ಮುಚ್ಚಿದರು. "ಚಾದ ಫ್ಲಾಸ್ಕಿನ್ಯಾಗ ರಿಯಾಕ್ಷನ್ ರೇಟ್ ಅಳದೀರೇನ್ರೀ? ಟೆಂಪರೇಚರ್ ನಿಂತಿತ್ತು ಅಂತ ಯಾರ ಹೇಳ್ಬೇಕು? ನಾ ಹ್ಯಾಂಗ ಸಹಿ ಹಾಕ್ಲಿ?"

ಸುಕನ್ಯ ಹೊಟ್ಟಿನ ಡಬ್ಬದಿಂದ ಇನ್ನೊಂದು ಫ್ಲಾಸ್ಕು ಎತ್ತಿ, ಥರ್ಮಾಮೀಟರಿನ ಸಮೇತ ಅವರ ಕೈಗೇ ಕೊಟ್ಟರು.

"ನೀವೇ ನೋಡಿ ಸರ್. ಮತ್ತೆ ಹೂತಿಡ್ತೀನಿ. ಊಟ ಆದ್ಮೇಲೆ ಇನ್ನೊಂದ್ಸಲ ನೋಡಿ."

ಊಟ ಮುಗಿಯುವಷ್ಟರಲ್ಲಿ ಕರೆಂಟು ತನ್ನ ಪದ್ಧತಿಯಂತೆ ಹೋಗಿತ್ತು. ಭೀಮಾಶಂಕರರು ಕಿಟಕಿಯ ಬೆಳಕಿಗೆ ಥರ್ಮಾಮೀಟರು ಹಿಡಿದರು. ಕನ್ನಡಕ ತೆಗೆದು ನೋಡಿದರು, ಹಾಕಿಕೊಂಡು ನೋಡಿದರು. ಪಾದರಸ ಬೆಳಗಿನ ಗೆರೆ ಬಿಟ್ಟು ಕದಲಿರಲಿಲ್ಲ.

"ಭಲೇ!" ಎಂದು ಸಹಿ ಹಾಕಿದರು. "ಕಣ್ಣು ಮುಚ್ಚಿ ತೆಗಿಯೋದ್ರಾಗ ಮುಗಿಯೋ ರಿಯಾಕ್ಷನ್ ಎಷ್ಟೋ ಅದಾವ. ಈ ಆಮೆಯಂಥಾ ಕ್ರೋಮಿಯಂನಾಗ ಅಂಥಾದ್ದೇನ್ ಕಂಡ್ರಿ ತಾಯಿ?"

ದೊಡ್ಡ ಮಾತೊಂದು ಬರಲಿದೆಯೆಂದು ಹಮೀದಾ ಮೇಡಂ ಕುರ್ಚಿ ಹತ್ತಿರಕ್ಕೆಳೆದುಕೊಂಡರು.

"ಏನಿಲ್ಲ ಸರ್," ಎಂದರು ಡಾಕ್ಟರ್ ಸುಕನ್ಯ. "ನಾನು ಮನೆಗೋಗಿ ಮುದ್ದೆ ತಿರುವಿಟ್ಟು ಬರೋವರ್ಗೂ ಕಾಯೋದು ಇದೊಂದೇ."